ಅಂಗಳದ ಡೊಂಕು ಅಳೆದ ಚಳಿಗಾಲ

ಗಂಜಿ ಹಾಕಿದ ನೂಲಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೆಳಗಾವಿಯ ನೇಕಾರರ ಪೇಟೆ ವಡಗಾವಿಯಲ್ಲಿ ಹುಟ್ಟಿದವರು ಇದನ್ನು ನಂಬಲಾರರು. ನಮ್ಮ ಓಣಿಯಲ್ಲಿ ಆ ವಾಸನೆ ಎಂದರೆ ಅಪ್ಪನ ಅಂಗಿ, ಅವ್ವನ ಸೆರಗು, ಮಗ್ಗದ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡಿದ ಬಾಲ್ಯ. ನನಗೂ ಅದೆಲ್ಲ ಹೌದು. ಆದರೆ ಅದರ ಮೇಲೆ ಒಂದು ಚಳಿಗಾಲ ಬಂದು ಕೂತುಬಿಟ್ಟಿದೆ. ಹೋದ ತಿಂಗಳು ಬೀಡಿ ಎಂಬ ಊರಿನ ಶಾಲೆಯಲ್ಲಿ ಸುಣ್ಣ ಹೊಡೆಯುವುದಕ್ಕೆಂದು ಗೋಡೆಯ ಮೇಲಿದ್ದ ಒಂದು ಹಲಗೆಯನ್ನು ಇಳಿಸಿದರು. ಹಲಗೆಯ ತುಂಬ ಸಣ್ಣ ಮೊಳೆಗಳು, ಮೊಳೆಯಿಂದ ಮೊಳೆಗೆ ಎಳೆದ ಬಣ್ಣದ ನೂಲು, ನೂಲಿನ ಮೇಲೆ ಮೂರು ವರ್ಷದ ಧೂಳು. ಒದ್ದೆ ಅರಿವೆಯಿಂದ ಒರೆಸಿದೆ. ನೀರು ತಾಗಿದ್ದೇ ತಡ, ಗಂಜಿಯ ಹುಳಿ ವಾಸನೆ ಎದ್ದಿತು. ಅದರ ಬೆನ್ನಿಗೇ ಸಿಟ್ಟೂ ಎದ್ದಿತು. ಒರೆಸುವುದನ್ನು ಬಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತೆ.

ಮೂರು ವರ್ಷದ ಹಿಂದೆ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಅತಿಥಿ ಉಪನ್ಯಾಸಕಿ. ಯಾವಾಗ ಬೇಕಾದರೂ ಎದ್ದು ಹೋಗಿ ಎನ್ನಬಹುದಾದಂಥ ಅತಿಥಿ. ಅದಕ್ಕೂ ಮೊದಲು ಕಬಡ್ಡಿ ಆಡುತ್ತಿದ್ದೆ. ಇಪ್ಪತ್ತೆರಡನೆಯ ವಯಸ್ಸಿಗೆ ಬಲ ಮೊಣಕಾಲು ತಿರುಚಿಕೊಂಡು ಅಂಗಳದಿಂದ ಹೊರಗೆ ಬಂದವಳು ಬಹಳ ದೂರ ಹೋಗಲಾರದೆ, ಗೆರೆಯ ಪಕ್ಕದ ಕುರ್ಚಿ ಹಿಡಿದು ಅಂಕ ಬರೆಯುವವಳಾದೆ. ಊರೊಳಗಿನ ಅನಗೋಳದ ಬಯಲಿನಲ್ಲಿ ಪ್ರತಿ ಚಳಿಗಾಲ ನಡೆಯುತ್ತಿದ್ದ ಹೆಣ್ಣುಮಕ್ಕಳ ಟೂರ್ನಮೆಂಟಿನಲ್ಲಿ ಆ ಕುರ್ಚಿ ನನ್ನದು. ದೀಪಾವಳಿ ಮುಗಿದ ಮೇಲೆ ಶುರುವಾಗಿ ಸಂಕ್ರಾಂತಿಯ ಹೊತ್ತಿಗೆ ಮುಗಿಯುವ ಭಾನುವಾರಗಳು. ಎಂಟು ತಂಡ. ಪ್ರತಿ ತಂಡ ಉಳಿದ ಏಳು ತಂಡಗಳ ಜೊತೆ ಒಂದೊಂದು ಸಲ ಆಡಬೇಕು. ಆರು ತಂಡ ಊರೊಳಗಿನವು, ಒಂದು ಖಾನಾಪುರದ್ದು, ಒಂದು ಖಾನಾಪುರ ತಾಲೂಕಿನ ಬೀಡಿಯದ್ದು.

ಟೂರ್ನಮೆಂಟ್ ನಡೆಸುತ್ತಿದ್ದವರಿಗೆ ಎಲ್ಲರೂ ಕಾಕಾ ಎನ್ನುತ್ತಿದ್ದರು. ಮನೆಯಲ್ಲಿ ಮರಾಠಿ, ಬಯಲಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅರವತ್ತು ದಾಟಿದ್ದರೂ ಅಂಗಳದ ಮಣ್ಣನ್ನು ತಾವೇ ಜರಡಿ ಹಿಡಿಯುತ್ತಿದ್ದರು. ಒಂದು ಹರಳು ಕಾಲಿಗೆ ಚುಚ್ಚಿದರೂ ಅದು ತಮ್ಮ ಮಾನಕ್ಕೆ ಚುಚ್ಚಿದಂತೆ ಎಂದು ತಿಳಿದವರು. ಅವರು ಕೆಟ್ಟವರಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ದೂರದಿಂದ ಬರುವ ಹುಡುಗಿಯರಿಗೆ ತ್ರಾಸಾಗಬಾರದು, ಮತ್ತೆ ಮತ್ತೆ ಗಾಡಿ ಮಾಡಿಕೊಂಡು ಓಡಾಡಬಾರದು ಎಂದು ಖಾನಾಪುರದವರಿಗೂ ಬೀಡಿಯವರಿಗೂ ಬಂದ ದಿನವೇ ಎರಡು ಆಟ ಇಟ್ಟವರು ಅವರೇ. ಮುಂಜಾನೆಯ ಆಟಗಳು ಊರವರಿಗೆ. ಹೊರಗಿನವರಿಗೆ ಸಂಜೆ ಐದಕ್ಕೆ ಒಂದು, ದೀಪ ಹಾಕಿ ಏಳಕ್ಕೆ ಇನ್ನೊಂದು. ನಡುವೆ ಆರೂವರೆಗೆ ಎಲ್ಲರಿಗೂ ಉಪ್ಪಿಟ್ಟು, ಬಾಳೆಹಣ್ಣು, ಚಹಾ. ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ನನಗೂ ಕಾಣಲಿಲ್ಲ, ಲೆಕ್ಕ ಓದಿದವಳಿಗೆ.

ಬೀಡಿ ತಂಡದ ನಾಯಕಿ ಪದ್ಮಾ. ಹತ್ತೊಂಬತ್ತು ವರ್ಷ, ಜೈನ ರೈತರ ಮನೆಯ ಹುಡುಗಿ. ನೆಲಕ್ಕೆ ಬಾಗಿ ಎದುರಾಳಿಯ ಅಂಗಳಕ್ಕೆ ನುಗ್ಗಿದಳೆಂದರೆ ಹಿಡಿಯುವವರಿಗೆ ಅವಳ ಕಾಲು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಅವಳ ತಂಡ ಆ ವರ್ಷ ಮೂರು ಭಾನುವಾರ ಬಂದು ಆರು ಆಟ ಆಡಿತು. ಬಂದಾಗಲೆಲ್ಲ ಬೇವಿನ ಮರದ ಕೆಳಗೆ ತಮ್ಮ ಬುತ್ತಿಯ ಗಂಟುಗಳನ್ನು ಸಾಲಾಗಿ ಇಡುತ್ತಿದ್ದರು. ಹೋಗುವಾಗ ಎತ್ತಿಕೊಂಡು ಹೋಗುತ್ತಿದ್ದರು. ಅದನ್ನು ಮೂರೂ ಸಲ ನೋಡಿದ್ದೆ.

ಆರನೆಯ ಭಾನುವಾರಕ್ಕೆ ಮೊದಲು ಕಾಕಾ ನನ್ನನ್ನು ಕರೆದರು.

"ಶೋಭಾ, ಮುಂದಿನ ವರ್ಷ ಏಳ ಟೀಮ್ ಸಾಕು ಅಂತ ಕಮಿಟಿಯಾಗ ನಡದೈತಿ. ಒಂದು ತಗಿಬೇಕು. ಆಟ ಒಬ್ಬರ ಕಡೇನ ವಾಲಿದ್ರ ಮಂದಿ ಎದ್ದ ಹೋಗ್ತಾರ. ಯಾವ ಟೀಮಿನಿಂದ ಆಟ ಸಪ್ಪಗ ಆಗತೈತಿ, ನೀ ಲೆಕ್ಕಾ ಹಾಕಿ ಕೊಡು. ಲೆಕ್ಕದ ಮುಂದ ಯಾರೂ ಬಾಯಿ ತಗಿಯೂದಿಲ್ಲ."

ನನಗೆ ಹೆಮ್ಮೆಯಾಯಿತು. ಕಾಲೇಜಿನಲ್ಲಿ ನನ್ನ ಲೆಕ್ಕವನ್ನು ಯಾರೂ ಇಷ್ಟು ಗೌರವದಿಂದ ಕೇಳಿರಲಿಲ್ಲ. ಪ್ರತಿ ತಂಡ ಸರಾಸರಿ ಎಷ್ಟು ಅಂಕದಿಂದ ಗೆದ್ದಿದೆ, ಎಷ್ಟರಿಂದ ಸೋತಿದೆ ಎಂದು ಒಂದು ಪಟ್ಟಿ ಮಾಡಿದೆ. ಆ ಭಾನುವಾರ ಬೀಡಿಯವರು ಏಳು ಗಂಟೆಯ ಆಟವನ್ನೂ ಹೀನಾಯವಾಗಿ ಸೋತ ಮೇಲೆ ಅದನ್ನೂ ಸೇರಿಸಿ, ಅಲ್ಲೇ ಕುರ್ಚಿಯಲ್ಲಿ ಕೂತು ಪಟ್ಟಿ ಮುಗಿಸಿದೆ. ಎಲ್ಲಕ್ಕಿಂತ ಕೆಳಗೆ ಬೀಡಿ. ಕೆಳಗೆ ಸಹಿ ಮಾಡಿದೆ. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ, ಭಾಗಿಸಿದ್ದರಲ್ಲೂ ತಪ್ಪಿರಲಿಲ್ಲ.

ಕಾಕಾ ಅದನ್ನು ಮೈಕಿನಲ್ಲಿ ಓದಿಬಿಟ್ಟರು. ಬೀಡಿಯವರಿಗೆ ಇನ್ನು ಒಂದೇ ಆಟ ಉಳಿದಿದೆ, ಮುಂದಿನ ವರ್ಷ ಅವರು ಇರುವುದಿಲ್ಲ ಎಂದೂ ಹೇಳಿದರು. ಪದ್ಮಾ ಮಣ್ಣು ಮೆತ್ತಿದ ಮೊಣಕೈಯಲ್ಲೇ ನನ್ನ ಟೇಬಲ್ಲಿಗೆ ಬಂದಳು.

"ಅಕ್ಕಾರ, ಇದರಾಗ ಹೊತ್ತು ಬರದಿಲ್ಲಲ್ರೀ."

"ಯಾವ ಹೊತ್ತು?"

"ನಾವು ಯಾವ ಹೊತ್ತಿನಾಗ ಆಡೇವಿ ಅಂತ."

ನಾನು ಬಾಯಿ ತೆಗೆಯುವ ಮೊದಲೇ ಕಾಕಾ ಪಕ್ಕದಿಂದ ನಕ್ಕರು. ಮೈಕು ಇನ್ನೂ ಕೈಯಲ್ಲೇ ಇತ್ತು. "ಏ ಪೋರಿ, ಕುಣಿಲಾರದಾಕಿ ಅಂಗಳ ಡೊಂಕ ಅಂದ್ಳಂತ!"

ಬಯಲು ತುಂಬ ನಗು. ನಾನೂ ನಕ್ಕೆ. ಇದನ್ನು ಮುಚ್ಚಿಟ್ಟರೆ ಮುಂದೆ ಹೇಳುವುದಕ್ಕೆಲ್ಲ ಬೆಲೆಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪದ್ಮಾ ನನ್ನ ಮುಖವನ್ನೊಮ್ಮೆ ನೋಡಿ, ಹೋಗಿ ತನ್ನ ಬುತ್ತಿಯ ಗಂಟು ಎತ್ತಿಕೊಂಡಳು.

ಮನೆಗೆ ಬಂದ ಮೇಲೆ ಆ ನೋಟ ಬಿಡಲಿಲ್ಲ. ಬೀಡಿಯ ಹುಡುಗಿಯರಿಗೆ ಇದೊಂದೇ ಟೂರ್ನಮೆಂಟ್. ಅವರೂರಿನಲ್ಲಿ ಎದುರು ನಿಲ್ಲುವ ಇನ್ನೊಂದು ತಂಡವಿಲ್ಲ. ಹೊರಗೆ ಹೋಗಿ ಆಡುವ ಈ ಒಂದು ನೆವವೂ ತಪ್ಪಿದರೆ, ಸಾಕು ಆಡಿದ್ದು, ಇನ್ನು ಮನೆಗೆಲಸ ಕಲಿ ಎಂದು ಹೇಳಲು ಹಿರಿಯರಿಗೆ ಎಷ್ಟು ಹೊತ್ತು ಬೇಕು? ಹನ್ನೆರಡು ಹುಡುಗಿಯರ ಆಟವನ್ನು ನಾನು ಒಂದು ಸಹಿಯಲ್ಲಿ ಮುಗಿಸಿದ್ದೆ. ಪದ್ಮಾ ಕೇಳಿದ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿರಲಿಲ್ಲ.

ಎರಡು ದಿನ ಅಂಕದ ಪುಸ್ತಕಗಳನ್ನು ತಿರುವಿ ಹಾಕಿದೆ. ನಾನು ಪ್ರತಿ ನಿಮಿಷಕ್ಕೂ ಎರಡೂ ತಂಡಗಳ ಅಂಕ ಬರೆದಿಡುವವಳು. ಅಂಕಿಗಳು ಎಲ್ಲ ಇದ್ದವು, ಆದರೆ ಏನೂ ಹೇಳುತ್ತಿರಲಿಲ್ಲ. ಅಪ್ಪ ಮಗ್ಗ ನಿಲ್ಲಿಸಿ ಹರಿದ ಎಳೆ ಗಂಟು ಹಾಕುತ್ತಿದ್ದವರು ನನ್ನನ್ನು ನೋಡಿದರು.

"ಶೋಭಿ, ಮಾರಿ ಯಾಕ ಹಂಗ ಮಾಡೀದಿ? ಯಾರರ ಸತ್ತಾರೇನು?"

"ಒಂದ ಟೀಮ್ ಸೋತೈತಿ ಅಪ್ಪಾ. ಎಷ್ಟರಿಂದ ಸೋತೈತಿ ಅಂತ ಗೊತ್ತೈತಿ. ಎಲ್ಲಿ ಸೋತೈತಿ ಅಂತ ಕಾಣವಲ್ತು."

"ಸೀರಿ ಕೆಟ್ಟೈತಿ ಅಂತ ಅಂಗಡಿಯಾಗ ಕುಂತಾವನೂ ಹೇಳ್ತಾನ," ಎಂದರು ಅಪ್ಪ. "ಎಳಿ ಎಲ್ಲಿ ಹರದೈತಿ ಅಂತ ನೋಡಬೇಕಂದ್ರ ಮಗ್ಗದ ಮುಂದ ಬಂದ ಕುಂದರಬೇಕು."

ಅಪ್ಪ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ನಾನು ಸಂಖ್ಯಾಶಾಸ್ತ್ರದಲ್ಲಿ ಚಿನ್ನದ ಪದಕದವಳು. ಆ ಪದಕವನ್ನು ಆವತ್ತು ಅವರ ಕೊರಳಿಗೆ ಹಾಕಬೇಕಿತ್ತು.

ಹಿತ್ತಲಲ್ಲಿ ಹಳೆಯ ಮಗ್ಗದ ಒಂದು ಹಲಗೆ ಬಿದ್ದಿತ್ತು. ಅಪ್ಪನೇ ಒರೆಸಿ ಕೊಟ್ಟರು. ಹಲಗೆಯ ನಡುವೆ ಉದ್ದಕ್ಕೆ ಒಂದು ಕೆಂಪು ನೂಲು ಕಟ್ಟಿದೆ. ಅದು ಸಮಬಲ. ಎಡತುದಿ ಆಟದ ಆರಂಭ, ಬಲತುದಿ ಮುಕ್ತಾಯ. ಪ್ರತಿ ನಿಮಿಷಕ್ಕೆ ಒಂದು ಮೊಳೆ. ಬೀಡಿ ಎರಡು ಅಂಕ ಮುಂದಿದ್ದರೆ ಕೆಂಪಿನಿಂದ ಎರಡು ಬೆರಳು ಮೇಲೆ, ಹಿಂದಿದ್ದರೆ ಎರಡು ಬೆರಳು ಕೆಳಗೆ. ಒಂದು ಆಟಕ್ಕೆ ಒಂದು ಬಣ್ಣದ ತುಂಡು ನೂಲು, ಮೊಳೆಯಿಂದ ಮೊಳೆಗೆ. ಅವ್ವ ಬಂದು, "ಇದೇನವಾ, ಲೆಕ್ಚರರ್ ಆಗಿ ಮತ್ತ ನೇಯಾಕ ಕುಂತಿ?" ಎಂದು ನಕ್ಕಳು.

ಮೂರನೆಯ ನೂಲು ಎಳೆಯುವ ಹೊತ್ತಿಗೆ ನನಗೆ ತಿಳಿಯತೊಡಗಿತು. ಆಟ ಸರಿಸಮ ಇತ್ತೇ ಎಂಬುದನ್ನು ಕೊನೆಯ ಅಂಕ ಹೇಳುವುದಿಲ್ಲ. ಯಾರು ಗೆಲ್ಲುತ್ತಾರೆಂದು ಎಷ್ಟು ಹೊತ್ತು ಯಾರಿಗೂ ಗೊತ್ತಿರಲಿಲ್ಲ, ನೂಲು ಕೆಂಪು ಗೆರೆಯನ್ನು ಎಷ್ಟು ಸಲ ದಾಟಿತು, ಅದು ಹೇಳುತ್ತದೆ. ಬೀಡಿಯವರು ಐದು ಗಂಟೆಗೆ ಆಡಿದ ಮೂರು ಆಟಗಳ ನೂಲು ಕೆಂಪನ್ನು ಬಿಟ್ಟು ದೂರ ಹೋಗಿರಲೇ ಇಲ್ಲ. ಮೇಲೆ, ಕೆಳಗೆ, ಮತ್ತೆ ಮೇಲೆ. ಒಂದನ್ನು ಗೆದ್ದಿದ್ದರು, ಎರಡನ್ನು ಕೂದಲೆಳೆಯಲ್ಲಿ ಸೋತಿದ್ದರು. ಏಳು ಗಂಟೆಯ ಮೂರು ಆಟಗಳೂ ಮೊದಲರ್ಧದ ಪಾಳಿಯಲ್ಲಿ ಹಾಗೆಯೇ ಇದ್ದವು. ಎರಡನೆಯ ಪಾಳಿ ಶುರುವಾದ ಮೇಲೆ ಮೂರೂ ನೂಲು, ಹಗ್ಗ ತಪ್ಪಿದ ಕೊಡ ಬಾವಿಗೆ ಇಳಿದಂತೆ ಇಳಿದಿದ್ದವು. ಸರಾಸರಿ ಹಾಕಿ ನಾನು ಆ ಮೂರು ಒಳ್ಳೆಯ ಆಟಗಳನ್ನು ಅದೇ ಬಾವಿಗೆ ತಳ್ಳಿದ್ದೆ.

ಎರಡೆರಡು ಆಟ, ದಣಿವು ಎಂದುಕೊಂಡೆ. ಆದರೆ ಖಾನಾಪುರದವರೂ ಅದೇ ಹೊತ್ತಿಗೆ ಎರಡೆರಡು ಆಟ ಆಡಿದ್ದರು. ಅವರ ಆಟಗಳಿಗೂ ಹಲಗೆಯ ಬೆನ್ನಿಗೆ ನೂಲು ಎಳೆದು ನೋಡಿದೆ. ಏಳು ಗಂಟೆಯ ಆಟದಲ್ಲೂ ಇಳಿದಿರಲಿಲ್ಲ. ನನ್ನ ಊಹೆ ಅಲ್ಲಿಗೆ ಮುರಿಯಿತು. ಬುಧವಾರ ಕಾಲೇಜಿಗೆ ರಜೆ ಹಾಕಿ ಬೀಡಿಗೆ ಹೊರಟೆ.

ಖಾನಾಪುರದ ತನಕ ಬಸ್ಸಿನಲ್ಲಿ ಮರಾಠಿ ಹರಟೆ, ಅಲ್ಲಿ ಬಸ್ಸು ಬದಲಿಸಿದ ಮೇಲೆ ಕನ್ನಡದ್ದು. ಮಧ್ಯಾಹ್ನವಾದರೂ ಗಾಳಿಗೆ ಚಳಿ ಇಳಿದಿರಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳಿ ತೆವಳಿ ಬೀಡಿ ಮುಟ್ಟಿ, ಪದ್ಮಾಳ ಮನೆ ಹುಡುಕುವಾಗ ಐದು ದಾಟಿತ್ತು. ಅವಳ ಅವ್ವ ನನ್ನನ್ನು ನೋಡಿದವಳೇ ಒಲೆಯ ಮುಂದಿನಿಂದ ಎದ್ದಳು.

"ಬರ್ರಿ, ಬರ್ರಿ, ಕುಂದರ್ರಿ. ಕೈಕಾಲ ತೊಳಕೊಂಡ ಮೊದಲ ಉಣ್ಣಾಕ ಬರ್ರಿ. ಹೊತ್ತ ಮುಣಗತೈತಿ."

"ಇಷ್ಟ ಲಗೂನ ಹಸಿವಿಲ್ರಿ. ನಾವು ಉಣ್ಣೂದು ಒಂಬತ್ತಕ್ಕ."

"ನಮ್ಮಲ್ಲಿ ಹೊತ್ತ ಮುಣಗಿದ ಮ್ಯಾಲೆ ಒಲಿ ಹಚ್ಚೂದಿಲ್ರಿ, ಉಣ್ಣೂದೂ ಇಲ್ಲ," ಎಂದು ಆಕೆ ಸಹಜವಾಗಿ ಅಂದಳು.

ಹಿತ್ತಲ ತಂತಿಯ ಮೇಲೆ ಬುತ್ತಿ ಕಟ್ಟುವ ಚೌಕಳಿ ಅರಿವೆ ಒಣಗುತ್ತಿತ್ತು. ಬೇವಿನ ಮರದ ಕೆಳಗೆ ನಾನು ಮೂರು ಸಲ ನೋಡಿದ್ದ ಅದೇ ಅರಿವೆ. ಬರುವಾಗ ಹೇಗಿತ್ತೋ ಹೋಗುವಾಗಲೂ ಹಾಗೇ ಇದ್ದ ಗಂಟು.

"ಪದ್ಮಾ, ಭಾನುವಾರ ನೀವು ಉಂಡಿದ್ದು ಯಾವಾಗ?"

"ಮನಿ ಬಿಡೂ ಮುಂದ. ಹನ್ನೆರಡಕ್ಕ."

"ಆಮ್ಯಾಲೆ?"

"ಮರದಿನ ಮುಂಜಾನಿ." ಅವಳು ನೆಲ ನೋಡುತ್ತ ಹೇಳಿದಳು. "ಆಟಕ್ಕ ಮೊದಲ ಉಂಡ್ರ ಹೊಟ್ಟಿ ಭಾರ ಆಗತೈತಿ. ಐದರ ಆಟ ಮುಗಿಯೂದ್ರಾಗ ಹೊತ್ತು ಇಳದಿರತೈತ್ರಿ. ದಮ್ಮ ಹತ್ತಿರತೈತಿ, ತುತ್ತು ಇಳಿಯೂದಿಲ್ಲ. ಮಾರಿ ತೊಳಕೊಂಡ ಬರೂದ್ರಾಗ ಮುಣಗೇ ಬಿಡತೈತಿ. ನಿಮ್ಮ ಉಪ್ಪಿಟ್ಟು ಬರೂದು ಆರೂವರಿಗೆ."

"ಟೀಮಿನಾಗ ಎಲ್ಲಾರೂ ಜೈನರ ಹುಡುಗ್ಯಾರಲ್ಲಲ್ಲ?"

"ಆರು ಮಂದಿ ನಾವು. ಉಳದವರು ಲಿಂಗಾಯತರು, ಮರಾಠರು. ಅವರಿಗೆ ಉಣ್ರಿ ಅಂದ್ವಿ. ನೀವು ಉಪವಾಸ ಆಡೂದು, ನಾವು ಬಾಜೂಕ ತೇಗಿಕೋತ ಆಡೂದೇನು ಅಂತ ಅವರೂ ಬಿಟ್ರು." ಇಷ್ಟು ಹೇಳುವಾಗ ಮಾತ್ರ ಅವಳ ಮುಖದಲ್ಲಿ ಸ್ವಲ್ಪ ನಗು ಬಂತು.

"ಮೊದಲ ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ನೆಲ್ರೀ ಅಕ್ಕಾರ. ಅಂಗಳ ಡೊಂಕು ಅಂದ್ರು. ನೀವೂ ನಕ್ರಿ."

ಅವಳ ಅವ್ವ ತಟ್ಟೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಹಾಕಿಕೊಟ್ಟಳು. ಬಾಗಿಲಿನಾಚೆ ಕಬ್ಬಿನ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಹಸಿವಿಲ್ಲ ಎಂದವಳು ಮೂರು ರೊಟ್ಟಿ ಉಂಡೆ.

ಶುಕ್ರವಾರ ಕಮಿಟಿಯ ಸಭೆ. ಬಯಲಿನ ಹಿಂದಿನ ಪತ್ರಾಸಿನ ತಗಡು ಹೊದಿಸಿದ ಕೋಣೆ. ಅಪ್ಪ ಸ್ಕೂಟರ್ ಹೊಡೆದರು, ನಾನು ಹಿಂದೆ ಹಲಗೆಯನ್ನು ಅಡ್ಡ ಹಿಡಿದು ಕೂತೆ. ವಡಗಾವಿಯ ಓಣಿಗಳಲ್ಲಿ ಎರಡೂ ಕಡೆಯ ಗೋಡೆಗೆ ತಾಗಿಸುತ್ತ, ಎದುರು ಬಂದವರಿಂದ ಬೈಸಿಕೊಳ್ಳುತ್ತ ಅನಗೋಳ ಮುಟ್ಟಿದೆವು. ಅಪ್ಪ ಹೊರಗೆ ನಿಲ್ಲಲಿಲ್ಲ. ಅಂಗಿಯ ಮೇಲಿನ ನೂಲಿನ ಧೂಳು ಝಾಡಿಸಿಕೊಂಡು ಒಳಗೆ ಬಂದು ಗೋಡೆಗೆ ಒರಗಿ ನಿಂತರು.

ಕಾಕಾ ಹಲಗೆ ನೋಡಿ, "ಇದೇನಿದು, ಬಾಗಿಲಾ ಕಿತ್ತಕೊಂಡ ಬಂದೀಯೇನು?" ಎಂದರು. ಎಲ್ಲರೂ ನಕ್ಕರು. ಈ ಸಲ ನಾನು ನಗಲಿಲ್ಲ. ಕೆಂಪು ನೂಲಿನಿಂದ ಶುರುಮಾಡಿ ಎಲ್ಲವನ್ನೂ ವಿವರಿಸಿದೆ. ಐದು ಗಂಟೆಯ ಮೂರು, ಏಳು ಗಂಟೆಯ ಮೂರು. ಒಬ್ಬರು, "ದಾರಾ ನೋಡಿ ಟೂರ್ನಮೆಂಟ್ ನಡಸಬೇಕೇನವಾ ಇನ್ನ?" ಎಂದರು. ಕಾಕಾ ಮಾತ್ರ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅವರು ಹಳೆಯ ಆಟಗಾರರು. ಬೆರಳಿನಿಂದ ಒಂದು ನೂಲನ್ನು ಹಿಡಿದು ಆ ಆಟವನ್ನು ಮತ್ತೊಮ್ಮೆ ನೋಡಿದಂತೆ ಬಲತುದಿಯ ತನಕ ಹೋದರು.

"ಖಾನಾಪುರದವರೂ ಏಳಕ್ಕ ಆಡ್ಯಾರಲ್ಲ? ಅವರ್ಯಾಕ ಬಿದ್ದಿಲ್ಲ?"

ಹಲಗೆ ತಿರುಗಿಸಿ ಖಾನಾಪುರದ ನೂಲುಗಳನ್ನು ತೋರಿಸಿದೆ. "ಅವರು ಉಂಡು ಆಡ್ಯಾರ್ರಿ ಕಾಕಾ. ಬೀಡಿಯವರು ಹನ್ನೆರಡರಿಂದ ಉಪವಾಸ."

ಬುತ್ತಿಯ ವಿಷಯ ಹೇಳಿದೆ. ಕಾಕಾನ ಮುಖ ಕೆಂಪಾಯಿತು. ತಪ್ಪು ತಮ್ಮ ಒಳ್ಳೆಯತನದಲ್ಲೇ ಇದೆ ಎಂದು ಯಾರಾದರೂ ತೋರಿಸಿದರೆ ಮನುಷ್ಯನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ.

"ಅವರಿಗೆ ತ್ರಾಸ ಆಗಬಾರದಂತ ಒಂದ ದಿನದಾಗ ಎರಡ ಆಟ ಇಟ್ಟಾಂವ ನಾ! ಖರೇ ಹೇಳು, ಇದು ಅವರ ಮನಿ ನೇಮ. ಅದಕ್ಕ ನಾವೇನ ಮಾಡೂಣು? ಸೋತ ಮ್ಯಾಲೆ ನೂರು ಕಾರಣ. ಕುಣಿಲಾರದಾಕಿ..."

"ಅಂಗಳ ಡೊಂಕ ಐತ್ರಿ ಕಾಕಾ." ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. "ನಾ ಅಳದೀನಿ. ನೋಡ್ರಿ, ಡೊಂಕ ಇಲ್ಲಿಂದ ಶುರು ಆಗತೈತಿ." ಏಳು ಗಂಟೆಯ ಮೂರು ನೂಲು ಒಟ್ಟಿಗೆ ಇಳಿಯುವ ಕಡೆ ಬೆರಳಿಟ್ಟೆ.

ಅವರ ಮುಂದಿದ್ದ ನನ್ನ ಪಟ್ಟಿಯನ್ನು ಎಳೆದುಕೊಂಡು ನನ್ನ ಸಹಿಯ ಮೇಲೆ ಎರಡು ಅಡ್ಡಗೆರೆ ಹೊಡೆದೆ. "ಇದನ್ನ ಮತ್ತ ಮೈಕಿನಾಗ ಓದೂದಿದ್ರ ನಿಮ್ಮ ಸಹಿ ಮಾಡಿ ಓದ್ರಿ. ನಂದಲ್ಲ ಇದು."

ನನ್ನದು ಒಂದೇ ಬೇಡಿಕೆ. ಬೀಡಿಯವರ ಉಳಿದ ಆಟ ಕೊನೆಯ ಭಾನುವಾರ ಸಂಜೆ ಏಳಕ್ಕಿತ್ತು, ಅದೂ ಆ ವರ್ಷ ಯಾರಿಗೂ ಸೋಲದ ಅನಗೋಳದ ತಂಡದ ಜೊತೆ. ಅದನ್ನು ಮುಂಜಾನೆ ಹತ್ತಕ್ಕೆ ಇಡಿ, ಆಟ ಸಪ್ಪಗಾಗುತ್ತದೋ ಇಲ್ಲವೋ ನಿಮ್ಮ ಕಣ್ಣಿನಿಂದ ನೋಡಿ ಎಂದೆ. ಕಾಕಾ ಕನ್ನಡಕ ತೆಗೆದು ಜೇಬಿಗಿಟ್ಟು, "ಹತ್ತಕ್ಕ ಇಡ್ತೀನಿ," ಎಂದರು. "ಗೆದ್ರ ಇರ್ತಾರ. ಸೋತ್ರ ಹೋಗ್ತಾರ."

"ಗೆಲ್ಲೂದು ಕೇಳಿಲ್ರಿ ನಾ. ಸರಿಸಮ ಆಡಿದ್ರ..."

"ಗೆದ್ರ," ಎಂದರು ಕಾಕಾ. ಸಭೆ ಮುಗಿಯಿತು.

ಸ್ಕೂಟರ್ ಮೇಲೆ ಬರುವಾಗ ಅಪ್ಪ ತಿರುಗದೆಯೇ ಹೇಳಿದರು. "ಮುಂಜಾನಿ ಹತ್ತಕ್ಕ ಆಡಬೇಕಂದ್ರ ಆ ಹುಡುಗ್ಯಾರು ನಸುಕಿನ್ಯಾಗ ಎದ್ದ ಬರಬೇಕಾಗತೈತಿ. ಶನಿವಾರನ ನಮ್ಮ ಮನಿಗೆ ಬರ್ರಿ ಅಂತ ಹೇಳು."

ಶನಿವಾರ ನಾಲ್ಕಕ್ಕೆ ಹನ್ನೆರಡು ಹುಡುಗಿಯರು ಚೀಲ ಹಿಡಿದು ನಮ್ಮ ಓಣಿಗೆ ಬಂದರು. ಐದಕ್ಕೆ ಅಪ್ಪ ಮಗ್ಗಗಳನ್ನು ನಿಲ್ಲಿಸಿದರು. ಸಾವಿಗೂ ಸುಲಭವಾಗಿ ನಿಲ್ಲದ ಮಗ್ಗಗಳು. ಸದ್ದು ನಿಂತಿದ್ದಕ್ಕೆ ಅಕ್ಕಪಕ್ಕದವರು ಏನಾಯಿತು ಎಂದು ಇಣುಕಿದರು. ಇಣುಕಿದ ಇಬ್ಬರನ್ನು ಅವ್ವ ರೊಟ್ಟಿ ಬಡಿಯಲು ಕೂಡಿಸಿಕೊಂಡಳು. ಐದೂವರೆಗೆ ಮಗ್ಗಗಳ ನಡುವೆ ಚಾಪೆ ಹಾಸಿ ಎಲ್ಲರೂ ಸಾಲಾಗಿ ಉಂಡೆವು. ಅತಿಥಿಗಳನ್ನು ಬಿಟ್ಟು ಆಮೇಲೆ ಉಣ್ಣುವುದು ಸರಿಯಲ್ಲ ಎಂದು ಅಪ್ಪನೂ ಕೂತರು. ಎಂಟಕ್ಕೆ ಅಡಿಗೆಮನೆಯಲ್ಲಿ ಡಬ್ಬಿ ಸದ್ದಾಯಿತು. ಚುರುಮುರಿ ಹುಡುಕುತ್ತ ಸಿಕ್ಕಿಬಿದ್ದ ಅಪ್ಪನನ್ನು ನೋಡಿ ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಮರುದಿನ ಬಯಲಿನ ಮೇಲೆ ಮಂಜು ಇನ್ನೂ ಇತ್ತು. ಕಾಕಾ ಯಾರಿಗಿಂತಲೂ ಮೊದಲು ಬಂದು ಮಣ್ಣು ಜರಡಿ ಹಿಡಿದಿದ್ದರು. ಅದನ್ನೂ ಹೇಳಲೇಬೇಕು. ಹತ್ತಕ್ಕೆ ಸೀಟಿ ಹೊಡೆದರು. ನಾನು ಕುರ್ಚಿಯಲ್ಲಿ ಪುಸ್ತಕ ತೆರೆದು ಕೂತೆ.

ಅನಗೋಳದವರು ಮೊದಲ ಐದು ನಿಮಿಷ ಇವರನ್ನು ಹಗುರಾಗಿ ತೆಗೆದುಕೊಂಡರು. ಆಮೇಲೆ ತೆಗೆದುಕೊಳ್ಳಲಿಲ್ಲ. ಪದ್ಮಾ ಒಂದೇ ನುಗ್ಗಿನಲ್ಲಿ ಇಬ್ಬರನ್ನು ಮುಟ್ಟಿ ಬಂದಾಗ ಚಹಾದ ಗಾಡಿಯವನೂ ಗಾಡಿ ಬಿಟ್ಟು ಗೆರೆಯ ಹತ್ತಿರ ಬಂದ. ಎರಡನೆಯ ಪಾಳಿ ಶುರುವಾಯಿತು. ಬೀಡಿಯ ನೂಲು ಹರಿಯುತ್ತಿದ್ದದ್ದು ಅಲ್ಲೇ. ಹರಿಯಲಿಲ್ಲ. ಒಮ್ಮೆ ಇವರು ಒಂದು ಅಂಕ ಮುಂದೆ, ಒಮ್ಮೆ ಅವರು. ಕೊನೆಯ ನಿಮಿಷದಲ್ಲಿ ಬೀಡಿ ಒಂದು ಅಂಕ ಮುಂದಿತ್ತು. ಅನಗೋಳದ ಹುಡುಗಿ ನುಗ್ಗಿ ಎರಡು ತಂದಳು. ಉಳಿದದ್ದು ಒಂದೇ ಸರದಿ. ಪದ್ಮಾ ಹೋದಳು, ಒಬ್ಬಳನ್ನು ಮುಟ್ಟಿದಳು, ತಿರುಗಿದಳು. ನಾಲ್ವರು ಸೇರಿ ಹಿಡಿದರು. ಅವಳ ಚಾಚಿದ ಬೆರಳಿಗೂ ನಡುಗೆರೆಗೂ ನಡುವೆ ಒಂದು ಗೇಣು ಮಣ್ಣು ಉಳಿದಿತ್ತು. ಹಿಡಿದದ್ದಕ್ಕೆ ಇನ್ನೊಂದು ಅಂಕ. ಬೀಡಿ ಎರಡು ಅಂಕದಿಂದ ಸೋತಿತು.

ನಾನು ಬರೆದೆ. ಆದದ್ದನ್ನು ಆದಂತೆ ಬರೆಯದಿದ್ದರೆ ನನ್ನ ಹಲಗೆಗೂ ಕಾಕಾನ ಮೈಕಿಗೂ ಏನು ವ್ಯತ್ಯಾಸ?

ಕಾಕಾ ಬಂದು ಪುಸ್ತಕ ನೋಡಿದರು. "ಸೋತ್ರು," ಎಂದರು.

"ಸೋತ್ರು ಕಾಕಾ. ಮಂದಿ ಕಡೆ ಒಂದ ಸಲ ನೋಡ್ರಿ, ಯಾರರ ಎದ್ದ ಹೋಗ್ಯಾರೇನು?"

ಒಬ್ಬರೂ ಎದ್ದಿರಲಿಲ್ಲ. ಕಾಕಾ ನೋಡಿದರು, ಆದರೂ "ಮಾತಂದ್ರ ಮಾತು," ಎಂದು ಹೊರಟುಹೋದರು. ನನ್ನ ಕುರ್ಚಿಗೂ ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಅವರ ಬೆನ್ನಿಗೆ ಕೂಗಿ ಹೇಳಿದೆ. ಹಲಗೆ ತರಿಸಿ, ಅಲ್ಲೇ ಬೇವಿನ ಮರದ ಕೆಳಗೆ ಏಳನೆಯ ನೂಲು ಎಳೆದೆ. ಹಸಿರು ನೂಲು. ಆವತ್ತಿನ ಆಟ ಎಂಥದ್ದೆಂದು ಆ ಹಸಿರು ಕೆಂಪಿನ ಮೇಲೆ ಕೆಳಗೆ ಓಡಾಡಿದ್ದನ್ನು ನೋಡಿದರೆ ಮಗುವಿಗೂ ತಿಳಿಯುತ್ತಿತ್ತು. ಹುಡುಗಿಯರು ಸುತ್ತ ನಿಂತು ನೋಡಿದರು. ಕೆಲವರು ಅಳುತ್ತಿದ್ದರು, ಪದ್ಮಾ ಅಳಲಿಲ್ಲ.

"ಅಕ್ಕಾರ, ಈ ಹಲಿಗಿ ನಮಗ ಕೊಡ್ರಿ."

"ಸೋತದ್ದರ ಗುರುತು ಯಾಕ ಬೇಕು?"

"ಸೋತದ್ದರ ಗುರುತಲ್ರಿ. ನಾ ಸುಳ್ಳ ಹೇಳಿಲ್ಲ ಅನ್ನೂದರ ಗುರುತು."

ಮುಂದಿನ ಚಳಿಗಾಲ ಅನಗೋಳದಲ್ಲಿ ಏಳು ತಂಡ ಆಡಿದವು. ಬೀಡಿಯ ಶಾಲೆಯ ಬಯಲಿನಲ್ಲಿ ನಾಲ್ಕು. ಹೌದು, ಅವರನ್ನು ತೆಗೆದರು, ಅವರು ತಮ್ಮದೇ ಟೂರ್ನಮೆಂಟ್ ಕಟ್ಟಿದರು. ಪದ್ಮಾ ಊರೂರು ತಿರುಗಿ ತಂಡ ಮಾಡಿಸಿದಳು, ಅವಳ ಅವ್ವ ಓಣಿಯ ಹೆಂಗಸರನ್ನು ಕರೆದು ಬಯಲಿನ ಕಲ್ಲು ಆರಿಸಿದಳು, ನಾನು ಪ್ರತಿ ಭಾನುವಾರ ಖಾನಾಪುರದಲ್ಲಿ ಬಸ್ಸು ಬದಲಿಸಿ ಹೋಗಿ ಅಂಕ ಬರೆದೆ. ಎರಡನೆಯ ವರ್ಷ ಆರು ತಂಡ ಬಂದವು. ಈ ವರ್ಷದ ಅರ್ಜಿಗಳು ಇನ್ನೂ ಬರುತ್ತಲೇ ಇದ್ದವು. ಸುಣ್ಣ ಹೊಡೆಯುವ ಆ ದಿನ, ನಾನು ಒದ್ದೆ ಹಲಗೆಯ ಪಕ್ಕ ಬೆಂಚಿನ ಮೇಲೆ ಕೂತಿದ್ದಾಗ, ಶಾಲೆಯ ಗೇಟಿನಲ್ಲಿ ಕಾಕಾ ಕಂಡರು.

ಮೂರು ವರ್ಷದಲ್ಲಿ ನಡಿಗೆ ನಿಧಾನವಾಗಿತ್ತು. ಅನಗೋಳದ ಹುಡುಗಿಯರು ಈ ಸಲ ಇಲ್ಲಿ ಆಡಬೇಕೆಂದು ಹಟ ಹಿಡಿದಿದ್ದಾರೆ, ಅರ್ಜಿ ಕೊಡಲು ಬಂದೆ ಎಂದರು. ಪದ್ಮಾ ಕುರ್ಚಿ ಹಾಕಿ, ನೀರು ಕೊಟ್ಟು, ಅರ್ಜಿಯ ಹಾಳೆ ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡರು. ತಂಡದ ಹೆಸರಿಗೂ ಮೊದಲು ಅದರಲ್ಲಿ ಒಂದು ಪ್ರಶ್ನೆ ಇರುತ್ತದೆ, ಮೊದಲ ವರ್ಷದಿಂದಲೂ: ನಿಮ್ಮ ತಂಡದವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ?

ಕಾಕಾ ಅದನ್ನು ಓದಿದರು. ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ತಲೆಯೆತ್ತಿದವರಿಗೆ ಎದುರಿಗೆ ಹಲಗೆ ಕಂಡಿತು.

"ಇದನ್ಯಾಕ ಕೇಳ್ತೀರಿ?" ಎಂದರು, ಮೆಲ್ಲಗೆ.

"ಆಟ ಯಾವ ಹೊತ್ತಿಗೆ ಇಡಬೇಕಂತ ಗೊತ್ತಾಗಬೇಕಲ್ರಿ ಕಾಕಾ," ಎಂದಳು ಪದ್ಮಾ. ಅವಳ ಮಾತಿನಲ್ಲಿ ಕುಟುಕಿರಲಿಲ್ಲ. ಕುಟುಕಲು ಅವಳಿಗೆ ಪುರುಸೊತ್ತಿರಲಿಲ್ಲ, ಇನ್ನೂ ನಾಲ್ಕು ಅರ್ಜಿ ನೋಡುವುದಿತ್ತು.

ಕಾಕಾ ನನ್ನ ಕಡೆ ನೋಡಿದರು. ನಾನು ನೋಟ ತಪ್ಪಿಸಲಿಲ್ಲ, ನಗಲೂ ಇಲ್ಲ. ಅವರು ಕ್ಷಮೆ ಕೇಳುವವರಲ್ಲ. ನಾನೂ ಅದಕ್ಕಾಗಿ ಕಾದು ಕೂತವಳಲ್ಲ. ಅವರು ಬಗ್ಗಿ, ಗುಂಡಗಿನ ಹಳೆಯ ಅಕ್ಷರಗಳಲ್ಲಿ ಬರೆದರು: ಬೀಡಿಯವರು ಉಣ್ಣುವ ಹೊತ್ತಿಗೆ, ಅವರ ಜೋಡಿ.

ಪದ್ಮಾ ಓದಿ ತಲೆಯಾಡಿಸಿ, ಅನಗೋಳದ ಹೆಸರನ್ನು ಮುಂಜಾನೆಯ ಸಾಲಿನಲ್ಲಿ ಬರೆದಳು. ಸುಣ್ಣ ಆರಿದ ಮೇಲೆ ಹಲಗೆಯನ್ನು ಮೊದಲಿದ್ದ ಗೋಡೆಗೆ ಹಾಕಲು ನಾನು ಬಿಡಲಿಲ್ಲ. ಮೊಳೆ, ಸುತ್ತಿಗೆ ತರಿಸಿ, ಅಂಗಳಕ್ಕೆ ಎದುರಾಗಿ ಬಾಗಿಲ ಮೇಲೆ ಹೊಡೆಸಿದೆ. ಹಲಗೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡವರು ಕಾಕಾ.